ಖರ್ಚು ಸ್ವಿಟ್ಜರ್ಲೆಂಡಿನದು, ತೆರಿಗೆ ಜರ್ಮನಿಯದು: ನಡುವೆ ಸಿಕ್ಕಿಕೊಂಡ ಬ್ಯೂಸಿಂಗೆನ್

ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಅಂಚಿನಲ್ಲಿ ಅನ್ನುವುದಕ್ಕಿಂತ ಅಂಚಿನಾಚೆ ಅನ್ನುವುದೇ ಸರಿ, ರೈನ್ ನದಿಯ ಬಲದಂಡೆಯ ಮೇಲೆ ಬ್ಯೂಸಿಂಗೆನ್ ಎಂಬ ಸಣ್ಣ ಊರಿದೆ. ವಿಸ್ತೀರ್ಣ 7.62 ಚದರ ಕಿಲೋಮೀಟರ್. ಜನಸಂಖ್ಯೆ ಹೆಚ್ಚುಕಡಿಮೆ 1,500. ನಮ್ಮ ಕಡೆ ಇಷ್ಟು ಜನಕ್ಕೆ ಒಂದು ಪ್ರತ್ಯೇಕ ಗ್ರಾಮ ಪಂಚಾಯ್ತಿ ಸಿಗುವುದೂ ಕಷ್ಟ. ಆದರೆ ಈ ಊರಿಗೋಸ್ಕರ ಎರಡು ದೇಶಗಳು ಸೇರಿ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೇ ಬರೆದುಕೊಂಡಿವೆ.

ಕಾರಣ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಬ್ಯೂಸಿಂಗೆನ್ನಿನ ನಾಲ್ಕೂ ದಿಕ್ಕಿಗೆ ಸ್ವಿಟ್ಜರ್ಲೆಂಡ್ ಇದೆ. ಮೂರು ಕಡೆ ಶಾಫ್‌ಹೌಸೆನ್ ಕ್ಯಾಂಟನ್, ದಕ್ಷಿಣಕ್ಕೆ ನದಿ ದಾಟಿದರೆ ಜೂರಿಕ್ ಮತ್ತು ಥುರ್ಗಾವ್ ಕ್ಯಾಂಟನ್‌ಗಳು. (ಕ್ಯಾಂಟನ್ ಅಂದರೆ ಸ್ವಿಸ್ ಒಕ್ಕೂಟದ ಒಂದೊಂದು ರಾಜ್ಯ.) ಉಳಿದ ಜರ್ಮನಿಗೂ ಈ ಊರಿಗೂ ನಡುವೆ ಅತಿ ಕಿರಿದಾದ ಜಾಗದಲ್ಲಿ ಇರುವ ಅಂತರ ಸುಮಾರು 700 ಮೀಟರ್. ಆರಾಮಾಗಿ ನಡೆದರೂ ಹತ್ತು ನಿಮಿಷದ ದಾರಿ. ಆದರೆ ಆ ಹತ್ತು ನಿಮಿಷ ಡೋರ್ಫ್ಲಿಂಗೆನ್ ಎಂಬ ಸ್ವಿಸ್ ಊರಿನ ನೆಲದ ಮೇಲೆ ನಡೆಯಬೇಕು. ಹೀಗೆ ಒಂದು ದೇಶದ ತುಂಡು ಇನ್ನೊಂದು ದೇಶದೊಳಗೆ ಪೂರ್ತಿಯಾಗಿ ಸಿಕ್ಕಿಕೊಂಡಿದ್ದರೆ ಅದಕ್ಕೆ ಎನ್‌ಕ್ಲೇವ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನೊಳಗೆ ಇಂಥ ಜರ್ಮನ್ ಊರು ಅಂತ ಇರುವುದು ಇದೊಂದೇ.

ಇದನ್ನು ವಿಚಿತ್ರಗಳ ಪಟ್ಟಿಯಲ್ಲಿ ಸೇರಿಸಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ಎರಡು ಪಿನ್‌ಕೋಡ್ ಇದೆಯಂತೆ, ಎರಡು ದೇಶದ ಫೋನ್ ನಂಬರ್ ಇದೆಯಂತೆ, ಇತ್ಯಾದಿ. ಅವೆಲ್ಲ ನಿಜ. ಆದರೆ ನನಗೆ ಈ ಊರು ಕಾಡುವುದು ಬೇರೆ ಕಾರಣಕ್ಕೆ. ಸುಮಾರು ನೂರು ವರ್ಷಗಳ ಹಿಂದೆ ಇಲ್ಲಿನ ಜನರನ್ನು 'ನಿಮಗೆ ಯಾವ ದೇಶ ಬೇಕು' ಎಂದು ಕೇಳಲಾಗಿತ್ತು. ಅವರು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಉತ್ತರ ಕೊಟ್ಟಿದ್ದರು. ಆ ಉತ್ತರ ಇವತ್ತಿಗೂ ಜಾರಿಯಾಗಿಲ್ಲ. ಅದರ ಬೆಲೆಯನ್ನು ಊರು ಕಂತಿನ ಮೇಲೆ ಕಂತು ಕಟ್ಟುತ್ತಲೇ ಇದೆ.

ಇತಿಹಾಸದಿಂದ ಶುರು ಮಾಡೋಣ. ಇಂಥ ಎಡವಟ್ಟು ಗಡಿ ಯಾರೋ ಅಳತೆ ತಪ್ಪಿ ಎಳೆದದ್ದಿರಬೇಕು ಅನ್ನಿಸುವುದು ಸಹಜ. ಇಲ್ಲಿ ಹಾಗಲ್ಲ, ಇದರ ಹಿಂದೆ ಒಂದು ಮನೆಜಗಳ ಇದೆ.

ಹದಿನೇಳನೇ ಶತಮಾನದಲ್ಲಿ ಬ್ಯೂಸಿಂಗೆನ್ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ದೊರೆಗಳ ಮೇಲಧಿಕಾರಕ್ಕೆ ಸೇರಿತ್ತು. ಊರಿನ ಜಹಗೀರು ಮಾತ್ರ ಪಕ್ಕದ ಶಾಫ್‌ಹೌಸೆನ್ ಪಟ್ಟಣದ ಇಮ್ ಟುರ್ನ್ ಎಂಬ ಮನೆತನದ ಕೈಯಲ್ಲಿತ್ತು. ಶಾಫ್‌ಹೌಸೆನ್ನಿನವರು ಪ್ರಾಟೆಸ್ಟೆಂಟರು, ಆಸ್ಟ್ರಿಯಾ ಕಟ್ಟಾ ಕ್ಯಾಥೊಲಿಕ್. ಬ್ಯೂಸಿಂಗೆನ್ನಿನ ಜಹಗೀರುದಾರ ಎಬರ್‌ಹಾರ್ಡ್ ಇಮ್ ಟುರ್ನ್ ಕ್ಯಾಥೊಲಿಕರ ಕಡೆ ವಾಲುತ್ತಿದ್ದಾನೆ ಎಂಬ ಗುಮಾನಿ ನೆಂಟರಿಷ್ಟರಲ್ಲಿ ಹುಟ್ಟಿತು. 1693ರಲ್ಲಿ ಸ್ವಂತ ಬಂಧುಗಳೇ ಅವನನ್ನು ಹಿಡಿದು, ಗಾಡಿಗೆ ಹಾಕಿಕೊಂಡು ಶಾಫ್‌ಹೌಸೆನ್ನಿಗೆ ಎಳೆದೊಯ್ದರು. ಅಲ್ಲಿ ವಿಚಾರಣೆ ನಡೆದು ಜೀವಾವಧಿ ಸೆರೆ ಆಯಿತು.

ಆಸ್ಟ್ರಿಯಾಕ್ಕೆ ಕೆಂಡದಂಥ ಸಿಟ್ಟು. ತನ್ನ ನೆಲದಿಂದ ತನ್ನ ಜಹಗೀರುದಾರನನ್ನು ಹೊತ್ತೊಯ್ಯುವುದು ಅಂದರೆ ಏನರ್ಥ? ವರ್ಷಗಟ್ಟಲೆ ಪತ್ರ ವ್ಯವಹಾರ, ಬೆದರಿಕೆ, ಸೈನ್ಯದ ಮಾತು ಎಲ್ಲ ಆದ ಮೇಲೆ 1699ರಲ್ಲಿ ಎಬರ್‌ಹಾರ್ಡ್ ಬಿಡುಗಡೆಯಾದ. ಆದರೆ ಆಸ್ಟ್ರಿಯಾ ಹಗೆ ಬಿಡಲಿಲ್ಲ. ಸುತ್ತಮುತ್ತಲ ಊರುಗಳ ಮೇಲಿನ ಹಕ್ಕನ್ನು ಅದು ಮುಂದೆ ಒಂದೊಂದಾಗಿ ಮಾರಿಕೊಂಡಿತು. 1770ರಲ್ಲಿ ರಾಮ್ಸೆನ್ ಮತ್ತು ಡೋರ್ಫ್ಲಿಂಗೆನ್ ಊರುಗಳ ಮೇಲಿನ ಹಕ್ಕನ್ನು ಕೊಂಡದ್ದು ಜೂರಿಕ್. ಬ್ಯೂಸಿಂಗೆನ್ನನ್ನು ಮಾತ್ರ ಆಸ್ಟ್ರಿಯಾ ಮಾರಲಿಲ್ಲ. ಶಾಫ್‌ಹೌಸೆನ್ನಿನವರ ಕಣ್ಣಿಗೆ ಇದು ಎಂದೆಂದಿಗೂ ಚುಚ್ಚುತ್ತಿರಲಿ ಎಂದೇ ಉಳಿಸಿಕೊಂಡರು ಎಂಬ ಮಾತು ಆ ಕಡೆ ಇಂದಿಗೂ ಚಾಲ್ತಿಯಲ್ಲಿದೆ.

ಡೋರ್ಫ್ಲಿಂಗೆನ್ ಕೈತಪ್ಪಿದ್ದೇ ಬ್ಯೂಸಿಂಗೆನ್ ದ್ವೀಪವಾಗಲು ಕಾರಣ. ಆಗ ಮಾರಿದ ಆ ಊರೇ ಇವತ್ತು ಮಧ್ಯೆ ಅಡ್ಡ ನಿಂತಿರುವ 700 ಮೀಟರ್.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಊರಾಚೆ ದಿಬ್ಬದ ಮೇಲೆ ಸೇಂಟ್ ಮೈಕೇಲನ ಹಳೆಯ ಚರ್ಚೊಂದಿದೆ. ಶಾಫ್‌ಹೌಸೆನ್ ಇನ್ನೂ ದೊಡ್ಡ ಪಟ್ಟಣ ಆಗಿರದ ಕಾಲದಲ್ಲಿ ಅಲ್ಲಿನವರಿಗೂ ಇದೇ ತಾಯಿ ಚರ್ಚು. ಧರ್ಮದ ಹೆಸರಿನಲ್ಲಿ ಬೇರೆಯಾದ ಎರಡೂ ಕಡೆಯವರ ಅಜ್ಜಂದಿರು ಒಂದೇ ಗುಡ್ಡ ಹತ್ತಿ ಪ್ರಾರ್ಥನೆಗೆ ಬರುತ್ತಿದ್ದವರು.

ಮುಂದಿನದು ವೇಗವಾಗಿ ಆಗಿಹೋಯಿತು. ನೆಪೋಲಿಯನ್ ಆಸ್ಟ್ರಿಯಾವನ್ನು ಸೋಲಿಸಿದ ಮೇಲೆ 1805ರ ಪ್ರೆಸ್‌ಬರ್ಗ್ ಒಪ್ಪಂದದಲ್ಲಿ ಬ್ಯೂಸಿಂಗೆನ್ ವುರ್ಟೆಂಬರ್ಗ್ ಪಾಲಾಯಿತು. 1810ರಲ್ಲಿ ಅಲ್ಲಿಂದ ಬಾಡೆನ್ ಸಂಸ್ಥಾನಕ್ಕೆ. 1871ರಲ್ಲಿ ಬಾಡೆನ್ ಜೊತೆಗೇ ಜರ್ಮನ್ ಸಾಮ್ರಾಜ್ಯಕ್ಕೆ. ಯಾವ ಹಂತದಲ್ಲೂ ಊರಿನವರನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ ಬಿಡಿ.

ನಡುವೆ 1849ರ ಒಂದು ಪ್ರಸಂಗ ಮಾತ್ರ ಹೇಳದೆ ಹೋಗಲಾಗದು. ಬಾಡೆನ್ನಿನಲ್ಲಿ ಪ್ರಜಾಪ್ರಭುತ್ವ ಬೇಕೆಂದು ಎದ್ದ ದಂಗೆಯನ್ನು ಪ್ರಷ್ಯಾ ನಾಯಕತ್ವದ ಪಡೆಗಳು ಹತ್ತಿಕ್ಕುತ್ತಿದ್ದವು. ಜುಲೈ ತಿಂಗಳಲ್ಲಿ ಹೆಸ್ಸೆ ಸಂಸ್ಥಾನದ ಒಂದು ತುಕಡಿ ಉಗಿದೋಣಿ ಹತ್ತಿ ರೈನ್ ನದಿಯಲ್ಲಿ ಇಳಿದು ಬ್ಯೂಸಿಂಗೆನ್ನಿಗೆ ಬಂತು. ದಂಗೆಕೋರರನ್ನು ಹಿಡಿಯುವುದು, ಆಯುಧ ಕಸಿದುಕೊಳ್ಳುವುದು ಅವರ ಉದ್ದೇಶ. ಬರುವ ದಾರಿಯಲ್ಲಿ ಸ್ವಿಸ್ ಗಡಿಯೊಳಗಿನ ನೀರನ್ನು ದಾಟಬೇಕು, ಅದಕ್ಕೆ ಅನುಮತಿ ಕೇಳಬೇಕು ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟ ದೇಶವಾಗಿ ಆಗಿನ್ನೂ ಒಂದೇ ವರ್ಷ. ತನ್ನ ಗಡಿಯ ಬಗ್ಗೆ ಅದು ಬಹಳ ಬಿಗಿಯಾಗಿತ್ತು. ವಾಪಸ್ ಹೋಗುವ ದಾರಿಯನ್ನು ಸ್ವಿಸ್ ಪಡೆ ಮುಚ್ಚಿಬಿಟ್ಟಿತು. ದೇಶದಾದ್ಯಂತ ಸೈನ್ಯಕ್ಕೆ ಕರೆ ಹೋಯಿತು. ಒಂದು ಹಳ್ಳಿಯೊಳಗೆ ಒಂದು ತುಕಡಿ ಸಿಕ್ಕಿಬಿದ್ದು, ಅದಕ್ಕಾಗಿ ಯುದ್ಧವೇ ಆಗಿಬಿಡುತ್ತದೇನೋ ಎನ್ನುವ ಹಂತ ತಲುಪಿತು. ಕೊನೆಗೆ ಮಾತುಕತೆ ಆಗಿ, ಸ್ವಿಸ್ ಬೆಂಗಾವಲಿನಲ್ಲಿ ಅವರು ಮರಳಿದರು. ಈ ಊರಿನಲ್ಲಿ ಜರ್ಮನಿಯ ಅಧಿಕಾರ ಎಷ್ಟು ದೂರ ಓಡಬಲ್ಲದು ಎಂಬುದು ಅವತ್ತೇ ಗೊತ್ತಾಗಿತ್ತು ಅನ್ನಬೇಕು.

ಈಗ ಆ ಮತದಾನದ ವಿಷಯ. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಬೆನ್ನಿಗೇ ಬ್ಯೂಸಿಂಗೆನ್ನಿನಲ್ಲಿ ಜನಮತ ಸಂಗ್ರಹ ನಡೆಯಿತು. ಶೇ. 96ರಷ್ಟು ಮಂದಿ ಸ್ವಿಟ್ಜರ್ಲೆಂಡಿಗೆ ಸೇರುತ್ತೇವೆ ಎಂದರು. ಶೇ. 96 ಅಂದರೆ ಅಲ್ಲಿ ವಾದಕ್ಕೇ ಜಾಗವಿಲ್ಲ. ಆದರೂ ಆಗಲಿಲ್ಲ. ಜರ್ಮನಿ ಪುಕ್ಕಟೆಯಾಗಿ ನೆಲ ಬಿಟ್ಟುಕೊಡಲು ತಯಾರಿರಲಿಲ್ಲ, ಬದಲಿಗೆ ಕೊಡಬಹುದಾದ ನೆಲ ಸ್ವಿಟ್ಜರ್ಲೆಂಡಿನ ಬಳಿ ಇರಲಿಲ್ಲ. ವ್ಯವಹಾರ ಕುದುರಲಿಲ್ಲ ಅಷ್ಟೇ.

ಈ 'ಬದಲಿಗೆ ಏನು ಕೊಡ್ತೀರಿ' ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಕೂಚ್ ಬಿಹಾರದ ಸುತ್ತ ಭಾರತ ಮತ್ತು ಬಾಂಗ್ಲಾದೇಶಗಳ ತುಂಡು ನೆಲಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವಲ್ಲ, 2015ರ ಜುಲೈ 31ರ ಮಧ್ಯರಾತ್ರಿ ಅವುಗಳ ವಿನಿಮಯ ಆಯಿತು. ಭಾರತ ಬಿಟ್ಟುಕೊಟ್ಟದ್ದು 111 ತುಂಡು, 17 ಸಾವಿರ ಎಕರೆಗೂ ಹೆಚ್ಚು. ಪಡೆದದ್ದು 51 ತುಂಡು, ಸುಮಾರು 7 ಸಾವಿರ ಎಕರೆ. ಲೆಕ್ಕ ಸರಿಹೊಂದಲಿಲ್ಲ ಎಂದು ಗಲಾಟೆ ಆಯಿತು, ಸಂವಿಧಾನಕ್ಕೆ 100ನೇ ತಿದ್ದುಪಡಿ ತರಬೇಕಾಯಿತು. ಆದರೂ ಕೊಟ್ಟರು. ಅಲ್ಲಿನ ಜನಕ್ಕೆ ಯಾವ ದೇಶದ ಪೌರತ್ವ ಬೇಕೋ ಆರಿಸಿಕೊಳ್ಳಿ ಎಂದರು. ಯುರೋಪಿನ ಈ ಎರಡು ಶ್ರೀಮಂತ ದೇಶಗಳಿಗೆ ಏಳೂವರೆ ಚದರ ಕಿಲೋಮೀಟರ್ ವಿಷಯದಲ್ಲಿ ಅಷ್ಟು ಧಾರಾಳ ಬರಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಚಿತ್ರವೊಂದು ಹೀಗಿದೆ. ಬ್ಯೂಸಿಂಗೆನ್ನಿನ ಹುಡುಗರೂ ಹಿಟ್ಲರನ ಸೈನ್ಯಕ್ಕೆ ಹೋಗಲೇಬೇಕಿತ್ತು. ರಜೆಗೆ ಊರಿಗೆ ಬರಬೇಕೆಂದರೆ ತಟಸ್ಥ ಸ್ವಿಟ್ಜರ್ಲೆಂಡನ್ನು ದಾಟಬೇಕು. ಹಾಗಾಗಿ ಗೈಲಿಂಗೆನ್ ಗಡಿಯಲ್ಲಿ ಅವರು ಬಂದೂಕು ಒಪ್ಪಿಸಬೇಕು, ಸ್ವಿಸ್ ಕಾವಲಿನವರು ಕೊಡುವ ಉದ್ದ ಕೋಟನ್ನು ಜರ್ಮನ್ ಸಮವಸ್ತ್ರ ಕಾಣದಂತೆ ಮೇಲೆ ಹಾಕಿಕೊಳ್ಳಬೇಕು. ಹಾಗೆ ಡೋರ್ಫ್ಲಿಂಗೆನ್ ದಾಟಿ ಮನೆ ಸೇರಬೇಕು. ಬೇರೆಯವರ ಕೋಟು ಹಾಕಿಕೊಂಡು ತನ್ನ ಮನೆಗೆ ಹೋಗುವ ಸೈನಿಕ. ಊರಿನ ಸ್ಥಿತಿಯೂ ಆಗ ಹಾಗೇ ಇತ್ತು.

ಯುದ್ಧ ಮುಗಿದ ಮೇಲೆ 1947ರಿಂದ ಊರು ಸ್ವಿಸ್ ಸುಂಕ ವ್ಯವಸ್ಥೆಯೊಳಗೆ ಬಂತು. ಆದರೆ ಎಲ್ಲವನ್ನೂ ಕಾಗದದ ಮೇಲೆ ಇತ್ಯರ್ಥ ಮಾಡಲು ಹದಿನೇಳು ವರ್ಷ ಹಿಡಿಯಿತು. 1964ರ ನವೆಂಬರ್ 23ರಂದು ಪಶ್ಚಿಮ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಒಪ್ಪಂದಕ್ಕೆ ಸಹಿ ಹಾಕಿದವು. 1967ರ ಅಕ್ಟೋಬರ್ 4ರಂದು ಅದು ಜಾರಿಗೆ ಬಂತು. ಅದೇ ಹೊತ್ತಿಗೆ ಫೆರೆನಾಹೋಫ್ ಎಂಬ ಇನ್ನೊಂದು ಪುಟ್ಟ ಜರ್ಮನ್ ತುಂಡು, ಮೂರು ಮನೆ, ಹನ್ನೊಂದು ಜನ, ಸ್ವಿಟ್ಜರ್ಲೆಂಡಿಗೆ ಹೋಯಿತು. ಬ್ಯೂಸಿಂಗೆನ್ ಜರ್ಮನಿಯಲ್ಲೇ ಉಳಿಯಿತು. ಮೂರು ಮನೆಗೆ ಸಮನಾದ ನೆಲ ಹೊಂದಿಸಬಹುದು, ಒಂದು ಇಡೀ ಊರಿಗೆ ಹೊಂದಿಸುವುದು ಕಷ್ಟ.

ಒಪ್ಪಂದ ಓದಿದರೆ ವಕೀಲರ ತಾಳ್ಮೆ ಮೆಚ್ಚಬೇಕು ಅನ್ನಿಸುತ್ತದೆ. ಸುಂಕ, ಕೃಷಿ, ವ್ಯಾಪಾರದಂಥ ವಿಷಯಗಳಿಗೆ ಸ್ವಿಸ್ ಕಾನೂನು. ಪೌರತ್ವ, ಚುನಾವಣೆ, ಸ್ಥಳೀಯ ಆಡಳಿತ, ಆದಾಯ ತೆರಿಗೆಗೆ ಜರ್ಮನ್ ಕಾನೂನು. ಪೊಲೀಸರ ಲೆಕ್ಕ ಇನ್ನೂ ಮಜವಾಗಿದೆ: ಒಂದು ಹೊತ್ತಿಗೆ ಹತ್ತಕ್ಕಿಂತ ಹೆಚ್ಚು ಸ್ವಿಸ್ ಪೊಲೀಸರು ಊರೊಳಗೆ ಇರುವಂತಿಲ್ಲ. ಜರ್ಮನ್ ಪೊಲೀಸರಾದರೆ ನೂರು ನಿವಾಸಿಗೆ ಮೂರು ಮಂದಿ. ಹೀಗೆ ಲೆಕ್ಕ ಹಾಕಿದರೆ 45 ಜರ್ಮನ್ ಪೊಲೀಸರು ಬರಬಹುದು. ಇಷ್ಟು ಪೊಲೀಸರಿಗೆ ಅಲ್ಲಿ ಏನು ಕೆಲಸ ಎಂದು ಕೇಳಬೇಡಿ. ಅವರು ಬರುವಾಗಲೂ ನಿಗದಿ ಮಾಡಿದ ದಾರಿಯಲ್ಲೇ ಬರಬೇಕು.

ಉಳಿದ ವಿಶೇಷಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಊರಿಗೆ ಕಾಗದ ಹಾಕುವವರು ಜರ್ಮನಿಯಿಂದಾದರೆ 78266 ಎಂದು ಬರೆಯಬಹುದು, ಸ್ವಿಟ್ಜರ್ಲೆಂಡಿನಿಂದಾದರೆ 8238. ಗಾಡಿಗಳ ನಂಬರ್ ಪ್ಲೇಟು 'ಬ್ಯೂಸ್' ಎಂದು ಶುರುವಾಗುತ್ತದೆ. ಸುಂಕದ ಮಟ್ಟಿಗೆ ಇವು ಸ್ವಿಸ್ ಗಾಡಿಗಳಿದ್ದಂತೆ ಎಂದು ಗಡಿಯ ಸಿಬ್ಬಂದಿಗೆ ಕಂಡ ಕೂಡಲೇ ತಿಳಿಯಲೆಂದು ಇಡೀ ಜಿಲ್ಲೆಯಲ್ಲಿ ಇಲ್ಲಿಗೆ ಮಾತ್ರ ಆ ಪ್ರತ್ಯೇಕ ಅಕ್ಷರಗಳು. ಊರಿನ ಫುಟ್ಬಾಲ್ ಕ್ಲಬ್ಬು ಆಡುವುದು ಸ್ವಿಸ್ ಲೀಗಿನಲ್ಲಿ, ಜರ್ಮನಿಯ ಬೇರೆ ಯಾವ ಕ್ಲಬ್ಬೂ ಹಾಗೆ ಆಡುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗಡಿಯಾರದ ಕಥೆ. 1980ರ ಬೇಸಿಗೆಯಲ್ಲಿ ಜರ್ಮನಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತು, ಸ್ವಿಟ್ಜರ್ಲೆಂಡ್ ತಿರುಗಿಸಲಿಲ್ಲ. ಬ್ಯೂಸಿಂಗೆನ್ ಸ್ವಿಸ್ ವೇಳೆಯನ್ನೇ ಅನುಸರಿಸಿತು. ಆ ಒಂದು ಬೇಸಿಗೆಯ ಕಾರಣಕ್ಕೆ, ಜಗತ್ತಿನ ಕಂಪ್ಯೂಟರು ಮತ್ತು ಫೋನುಗಳು ಬಳಸುವ ಸಮಯವಲಯಗಳ ಪಟ್ಟಿಯಲ್ಲಿ 'ಯುರೋಪ್/ಬ್ಯೂಸಿಂಗೆನ್' ಎಂಬ ಪ್ರತ್ಯೇಕ ನಮೂದು ಇದೆ. ಬೆಂಗಳೂರಿಗೆ ಅಂಥ ನಮೂದಿಲ್ಲ, ನಾವು ಕೋಲ್ಕತಾದ ಹೆಸರಿನಲ್ಲೇ ಕಾಲ ಹಾಕಬೇಕು.

ಇಲ್ಲಿಂದ ಮುಂದಿನದು ನಗುವ ವಿಷಯವಲ್ಲ, ದುಡ್ಡಿನ ವಿಷಯ.

ಬ್ಯೂಸಿಂಗೆನ್ನಿನ ದುಡಿಯುವ ಜನರಲ್ಲಿ ಬಹುಪಾಲು ಮಂದಿ ಕೆಲಸಕ್ಕೆ ಹೋಗುವುದು ಸ್ವಿಟ್ಜರ್ಲೆಂಡಿಗೆ. ಶಾಫ್‌ಹೌಸೆನ್ ನಗರ ಪಕ್ಕದಲ್ಲೇ ಇದೆ. ಸಂಬಳ ಸ್ವಿಸ್ ಫ್ರಾಂಕಿನಲ್ಲಿ ಬರುತ್ತದೆ. ಜರ್ಮನಿಯ ಅಧಿಕೃತ ಹಣ ಯೂರೊ ಆದರೂ ಊರಿನ ದಿನನಿತ್ಯದ ವ್ಯವಹಾರ ನಡೆಯುವುದು ಫ್ರಾಂಕಿನಲ್ಲೇ. ಅಂಗಡಿಯ ಬೆಲೆಗಳೂ ಸ್ವಿಸ್ ಮಟ್ಟದವು, ಅಂದರೆ ಯುರೋಪಿನಲ್ಲೇ ಅತಿ ದುಬಾರಿ ಎನ್ನುವಂಥವು. ಸರಕುಗಳ ಮೇಲೆ ಬೀಳುವ ವ್ಯಾಟ್ ಕೂಡ ಸ್ವಿಸ್ ದರದಲ್ಲಿ, ಈಗ ಶೇ. 8.1. ಜರ್ಮನಿಯಲ್ಲಾದರೆ ಅದು ಶೇ. 19. ಇದು ಲಾಭವಲ್ಲವೇ ಅಂದರೆ, ತೆರಿಗೆ ಕಡಿಮೆ ಇದ್ದರೂ ಮೂಲ ಬೆಲೆಯೇ ಹೆಚ್ಚಿರುವಾಗ ಏನು ಲಾಭ? ಜರ್ಮನಿಗೆ ಹೋಗಿ ಅಗ್ಗದಲ್ಲಿ ಕೊಂಡು ತರೋಣ ಅಂದರೆ ಮಧ್ಯೆ ಸುಂಕದ ಗಡಿ ಇದೆ. ಮಾಂಸವಾದರೆ ತಲೆಗೆ ದಿನಕ್ಕೆ ಒಂದು ಕೆ.ಜಿ.ವರೆಗೆ ಮಾತ್ರ ಸುಂಕವಿಲ್ಲ. ಜರ್ಮನ್ ಪ್ರಜೆ ಜರ್ಮನಿಯಲ್ಲಿ ಕೊಂಡ ಮಾಂಸವನ್ನು ಜರ್ಮನಿಯಲ್ಲಿರುವ ತನ್ನ ಮನೆಗೆ ಒಯ್ಯಲು ವಿದೇಶಿ ಸುಂಕದ ಮಿತಿ ನೋಡಿಕೊಳ್ಳಬೇಕು.

ಖರ್ಚೆಲ್ಲ ಸ್ವಿಸ್ ಲೆಕ್ಕದಲ್ಲಿ. ಆದಾಯ ತೆರಿಗೆ ಮಾತ್ರ ಜರ್ಮನ್ ಲೆಕ್ಕದಲ್ಲಿ, ಮತ್ತು ಅದು ಸ್ವಿಸ್ ತೆರಿಗೆಗಿಂತ ಬಹಳ ಹೆಚ್ಚು. ಜರ್ಮನ್ ತೆರಿಗೆ ಆದಾಯ ಏರಿದಂತೆ ದರವೂ ಏರುವಂಥದ್ದು. ಜರ್ಮನಿಯ ಜೀವನವೆಚ್ಚಕ್ಕೆ ಹೊಂದಿಸಿ ಮಾಡಿದ ಹಂತಗಳು ಅವು. ಸ್ವಿಟ್ಜರ್ಲೆಂಡಿನ ಸಾಮಾನ್ಯ ಸಂಬಳವೂ ಜರ್ಮನಿಯಲ್ಲಿ ಒಳ್ಳೆಯ ಸಂಬಳ ಎನಿಸುತ್ತದೆ. ಹೀಗಾಗಿ ದುಬಾರಿ ಊರಿನಲ್ಲಿ ಮಧ್ಯಮ ವರ್ಗದವನಾಗಿ ಬದುಕುವವನನ್ನು ತೆರಿಗೆ ಇಲಾಖೆ ಅನುಕೂಲಸ್ಥನೆಂದು ನೋಡುತ್ತದೆ.

ವಿನಿಮಯ ದರ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. 2011ರ ಸೆಪ್ಟೆಂಬರಿನಿಂದ ಸ್ವಿಸ್ ಕೇಂದ್ರ ಬ್ಯಾಂಕು ಒಂದು ಯೂರೊ 1.20 ಫ್ರಾಂಕಿಗಿಂತ ಕೆಳಗಿಳಿಯದಂತೆ ಹಿಡಿದಿಟ್ಟಿತ್ತು. 2015ರ ಜನವರಿ 15ರಂದು ಇದ್ದಕ್ಕಿದ್ದಂತೆ ಆ ಹಿಡಿತ ಬಿಟ್ಟಿತು. ಫ್ರಾಂಕ್ ಒಂದೇ ದಿನದಲ್ಲಿ ಜಿಗಿದು ಹೆಚ್ಚುಕಡಿಮೆ ಯೂರೊಗೆ ಸಮನಾಯಿತು. ಒಬ್ಬರ ತಿಂಗಳ ಸಂಬಳ 6,000 ಫ್ರಾಂಕ್ ಎಂದಿಟ್ಟುಕೊಳ್ಳಿ. ಹಳೆಯ ದರದಲ್ಲಿ ಅದು 5,000 ಯೂರೊ. ಹೊಸ ದರದಲ್ಲಿ 6,000 ಯೂರೊ. ಕೈಗೆ ಬರುವ ಫ್ರಾಂಕ್ ಒಂದೂ ಹೆಚ್ಚಿಲ್ಲ, ಊರಿನ ಅಂಗಡಿಯಲ್ಲಿ ಅದಕ್ಕೆ ಸಿಗುವ ಸಾಮಾನಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ತೆರಿಗೆ ಲೆಕ್ಕ ಹಾಕುವುದು ಯೂರೊದಲ್ಲಿ. ಅಲ್ಲಿ ಆದಾಯ ಐದನೇ ಒಂದರಷ್ಟು ಏರಿದಂತೆ ಕಾಣುತ್ತದೆ, ದರದ ಹಂತವೂ ಮೇಲೇರುತ್ತದೆ. ಬಡ್ತಿಯೂ ಇಲ್ಲ, ಬೋನಸ್ಸೂ ಇಲ್ಲ, ತೆರಿಗೆ ಮಾತ್ರ ಹೆಚ್ಚು. ಜರ್ಮನ್ ಸರ್ಕಾರ ಈ ಊರಿನವರಿಗೆಂದೇ ಆದಾಯದಲ್ಲಿ ಒಂದಷ್ಟು ವಿನಾಯಿತಿ ಕೊಟ್ಟಿದೆ, ಇಲ್ಲ ಅನ್ನುವಂತಿಲ್ಲ. ಆದರೆ ಶಾಫ್‌ಹೌಸೆನ್ನಿನಲ್ಲಿ ಪಕ್ಕದ ಟೇಬಲ್ಲಿನಲ್ಲಿ ಕೂತು ಅದೇ ಕೆಲಸ ಮಾಡುವ ಸ್ವಿಸ್ ಸಹೋದ್ಯೋಗಿಯ ಜೊತೆ ಹೋಲಿಸಿ ನೋಡಿದರೆ ಅಂತರ ಮುಚ್ಚುವಷ್ಟಲ್ಲ.

ಇದರ ಪರಿಣಾಮ ಊರಿನ ಮುಖದ ಮೇಲೇ ಬರೆದಿದೆ. ದುಡಿಯುವ ವಯಸ್ಸಿನವರು ಬಿಟ್ಟು ಹೋಗುತ್ತಾರೆ. ಬರುವವರು ನಿವೃತ್ತರು, ಅದರಲ್ಲೂ ಸ್ವಿಸ್ ನಿವೃತ್ತರು. ಮನೆ, ನಿವೇಶನ ಗಡಿಯಾಚೆಗಿಂತ ಅಗ್ಗ. ಜರ್ಮನಿ ಬಹುಕಾಲ ಪಿಂಚಣಿಯ ಮೇಲೆ ಹಗುರವಾಗಿ ತೆರಿಗೆ ಹಾಕುತ್ತಿದ್ದುದರಿಂದ ಪಿಂಚಣಿದಾರರಿಗೆ ಇದೇ ಊರು ಲಾಭದ ಊರಾಯಿತು. 2005ರಿಂದ ಆ ಸವಲತ್ತು ವರ್ಷ ವರ್ಷಕ್ಕೂ ಕರಗುತ್ತಿದೆ, ಆದರೆ ಬಂದು ನೆಲೆಸಿದವರು ನೆಲೆಸಿದ್ದಾರೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಿವಾಸಿಗಳ ಸರಾಸರಿ ವಯಸ್ಸು ಅತಿ ಹೆಚ್ಚಿರುವ ಊರುಗಳಲ್ಲಿ ಬ್ಯೂಸಿಂಗೆನ್ ಒಂದು. ಹಳ್ಳಿಗಳು ಮುದಿಯಾಗುವುದನ್ನು ನಾವು ಎಲ್ಲ ಕಡೆ ನೋಡುತ್ತಿದ್ದೇವೆ. ಸಾಮಾನ್ಯವಾಗಿ ಕಾರಣ ಕೆಲಸ ಸಿಗದಿರುವುದು. ಇಲ್ಲಿ ಕೆಲಸ ಕೈಯಳತೆಯಲ್ಲಿದೆ, ಸಂಬಳವೂ ಚೆನ್ನಾಗಿದೆ, ನದಿ, ಕಾಡು, ಬಸ್ಸು, ದೋಣಿ ಎಲ್ಲ ಇದೆ. ಆದರೂ ಹುಡುಗರು ನಿಲ್ಲುವುದಿಲ್ಲ, ಏಕೆಂದರೆ ನಿಲ್ಲುವುದು ನಷ್ಟದ ಬಾಬತ್ತು.

ಹಾಗಂತ ಎರಡು ಸರ್ಕಾರಗಳೂ ಕೈಕಟ್ಟಿ ಕೂತಿವೆ ಎಂದು ದೂರುವುದು ನ್ಯಾಯವಲ್ಲ. ಊರಿನವರು ಕಟ್ಟುವ ಸ್ವಿಸ್ ವ್ಯಾಟ್‌ನಲ್ಲಿ ಒಂದು ಪಾಲು ಊರಿಗೇ ಮರಳುವಂತೆ ಆಮೇಲೆ ಪ್ರತ್ಯೇಕ ಒಪ್ಪಂದ ಆಗಿದೆ. ರೋಗಿ ಸ್ವಲ್ಪ ಚೇತರಿಸಿಕೊಳ್ಳುವಂಥ ಔಷಧಿಗಳು ಇವೆಲ್ಲ. ಮೂಲ ಪ್ರಶ್ನೆ ಮಾತ್ರ, ಅಂದರೆ ಶೇ. 96 ಜನ ಕೇಳಿದ್ದು, ಯಾರ ಮೇಜಿನ ಮೇಲೂ ಇಲ್ಲ. ಯುರೋಪಿನಲ್ಲಿ ಗಡಿ ಸರಿಸುವ ಮಾತೆತ್ತಿದರೆ ಇಂದಿಗೂ ಎಲ್ಲರೂ ಬೆಚ್ಚುತ್ತಾರೆ. ಅದಕ್ಕೆ ಕಾರಣವೂ ಇದೆ. ಆದರೆ ಬಂದೂಕು ಹಿಡಿದು ಗಡಿ ಸರಿಸುವುದಕ್ಕೂ, ಜನರ ಮತ ಎಣಿಸಿ ಸರಿಸುವುದಕ್ಕೂ ವ್ಯತ್ಯಾಸ ಇಲ್ಲವೇ ಎಂದು ಬ್ಯೂಸಿಂಗೆನ್ನಿನವರು ಕೇಳಿದರೆ ಬರ್ಲಿನ್ ಏನು ಉತ್ತರ ಕೊಟ್ಟೀತು, ನನಗೆ ತಿಳಿಯದು.

ಊರಿನಲ್ಲಿ ಪ್ರಾಥಮಿಕ ಶಾಲೆ ಇದೆ, ಅದು ಜರ್ಮನ್ ಶಾಲೆ. ಅದು ಮುಗಿದ ಮೇಲೆ ಮುಂದಿನ ಓದಿಗೆ ಜರ್ಮನಿಯೋ ಸ್ವಿಟ್ಜರ್ಲೆಂಡೋ ಎಂದು ಮನೆಯವರು ಆರಿಸಿಕೊಳ್ಳಬೇಕು. ಶಾಫ್‌ಹೌಸೆನ್ನಿಗೆ ಹೋದ ಮಗು ಅಲ್ಲೇ ಸ್ನೇಹಿತರನ್ನು ಮಾಡಿಕೊಳ್ಳುತ್ತದೆ, ಅಲ್ಲೇ ಕೆಲಸ ಕಲಿಯುತ್ತದೆ, ಅಲ್ಲೇ ಸಂಬಳ ಪಡೆಯುತ್ತದೆ. ಮೊದಲ ಸಂಬಳದ ಮೇಲೆ ಜರ್ಮನ್ ತೆರಿಗೆಯ ಲೆಕ್ಕ ಕೈಗೆ ಬಂದ ದಿನ, ನದಿಯ ಗುಂಟ ಕೆಲವೇ ಕಿಲೋಮೀಟರ್ ಆಚೆ ಒಂದು ಬಾಡಿಗೆ ಮನೆ ನೋಡಲು ಹೊರಡುತ್ತದೆ.